ಹಳೆಯ ಕಾರಿಗೆ ಹೊಸ ತಗಡು: ಬೆಸುಗೆಗೆ ಮೊದಲು ಅಳತೆ

ಚಿಕ್ಕಮಗಳೂರು ಜಿಲ್ಲೆಯ ಕಡೂರು ಮತ್ತು ಅಜ್ಜಂಪುರ ಬಹುಮಟ್ಟಿಗೆ ಬಯಲುಸೀಮೆ. ಪಕ್ಕದ ತರೀಕೆರೆ ತಾಲ್ಲೂಕಿನ ಪಶ್ಚಿಮ ಭಾಗವು ಕೆಮ್ಮಣ್ಣುಗುಂಡಿಯ ಬೆಟ್ಟಸಾಲನ್ನು ಸೇರಿ ಮಲೆನಾಡಾಗುತ್ತದೆ. ಹಳೆಯ ಕಾರನ್ನು ಕೊಂಡು ಮೂಲರೂಪಕ್ಕೆ ತರಬಯಸುವ ನಗರವಾಸಿಗಳು ಈ ವ್ಯತ್ಯಾಸವನ್ನು ಗಮನಿಸುವುದು ಒಳಿತು. ಒಣಹವೆಯ ಊರಿನಲ್ಲಿ ಸೂರಿನಡಿ ನಿಂತಿದ್ದ ಅಂಬಾಸಿಡರ್‌ನ ಬಣ್ಣ ಮಾಸಿದ್ದರೂ ತಳ ಗಟ್ಟಿಯಾಗಿರುವ ಸಂಭವ ಹೆಚ್ಚು. ಮಳೆನಾಡಿನಲ್ಲಿ ಓಡಾಡಿದ ವಾಹನ ಹೊರಗೆ ಹೊಳೆಯುತ್ತಿದ್ದರೂ ಒಳಗೆ ತುಕ್ಕು ತಿಂದಿರಬಹುದು. ಕೆಮ್ಮಣ್ಣಿಗೆ ಬಣ್ಣ ಕೊಡುವುದೂ ತಗಡನ್ನು ತಿನ್ನುವ ತುಕ್ಕೂ ಮೂಲತಃ ಕಬ್ಬಿಣದ ಆಕ್ಸೈಡುಗಳೇ.

ತುಕ್ಕು ಹಿಡಿದ ಭಾಗವನ್ನು ತೆಗೆದು ಬದಲಿ ತಗಡು ಕೂರಿಸುವುದು ಪುನರುಜ್ಜೀವನದ ಅತ್ಯಂತ ಸೂಕ್ಷ್ಮ ಹಂತ. ಇಲ್ಲಿ ತಪ್ಪಿದರೆ ಬಾಗಿಲು ಮುಚ್ಚುವುದಿಲ್ಲ; ಇನ್ನೂ ಹೆಚ್ಚು ತಪ್ಪಿದರೆ ಅಪಘಾತದ ಸಂದರ್ಭದಲ್ಲಿ ಕಾರು ಒಳಗಿದ್ದವರನ್ನು ಕಾಯುವುದಿಲ್ಲ.

ಮೈಕಟ್ಟಿನ ಎರಡು ಬಗೆ

ಮೊದಲು ತಿಳಿಯಬೇಕಾದುದು ವಾಹನದ ರಚನೆ. ಹಳೆಯ ಜೀಪು ಹಾಗೂ 1960ರ ದಶಕದಲ್ಲಿ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿಗೆ ಪ್ರತ್ಯೇಕ ಚಾಸಿಸ್ ಇದೆ. ಭಾರ ಹೊರುವುದು ಮುಖ್ಯವಾಗಿ ಅದೇ. 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಿಡರ್ ಮತ್ತು ಮುಂಬೈಯ ಪ್ರೀಮಿಯರ್ ಪದ್ಮಿನಿಗಳಲ್ಲಿ ಹಾಗಿಲ್ಲ. ಅವುಗಳಲ್ಲಿ ತಳದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆಯಾಕಾರದ ಸಿಲ್, ಕಂಬಗಳು ಮತ್ತು ಛಾವಣಿ ಸೇರಿಯೇ ಭಾರ ಹೊರುತ್ತವೆ. ಆದ್ದರಿಂದ ಬಾನೆಟ್, ಬಾಗಿಲು, ಡಿಕ್ಕಿಯ ಮುಚ್ಚಳ ಬದಲಿಸುವುದು ಒಂದು ಬಗೆಯ ಕೆಲಸ. ಸಿಲ್ ಬದಲಿಸುವುದು ಕಾರಿನ ಬೆನ್ನೆಲುಬನ್ನೇ ಮುಟ್ಟುವ ಕೆಲಸ.

ಪರೀಕ್ಷೆ ಮತ್ತು ಆಯ್ಕೆ

ಹಿಂದಿನ ರಿಪೇರಿಗಳು ಪುಟ್ಟಿಯ ಅಡಿಯಲ್ಲಿ ಅಡಗಿರುತ್ತವೆ. ತೆಳುಬಟ್ಟೆ ಸುತ್ತಿದ ಚಿಕ್ಕ ಅಯಸ್ಕಾಂತವನ್ನು ಮೈಮೇಲೆ ಆಡಿಸಿದರೆ, ಪುಟ್ಟಿ ದಪ್ಪವಾಗಿರುವಲ್ಲಿ ಅದು ಹಿಡಿಯುವುದಿಲ್ಲ. ಕಾಲಿಡುವ ಜಾಗ, ಮಡ್‌ಗಾರ್ಡಿನ ಒಳಮೂಲೆ, ಡಿಕ್ಕಿಯ ತಳ, ಜಾಕ್ ಕೊಡುವ ಸ್ಥಳಗಳನ್ನು ಕೆಳಗಿನಿಂದ ನೋಡಬೇಕು.

ಬದಲಿ ಭಾಗಗಳು ಮೂರು ಮೂಲಗಳಿಂದ ದೊರೆಯುತ್ತವೆ: ಮಾರಾಟವಾಗದೆ ಉಳಿದ ಹಳೆಯ ಕಂಪನಿ ಸರಕು, ಕಳಚಿದ ಬೇರೆ ಕಾರಿನ ಭಾಗ, ಮತ್ತು ಟಿಂಕರ್ ಕೈಯಿಂದ ತಟ್ಟಿ ಮಾಡಿದ ತಗಡು. ಕೈತಯಾರಿಯ ತಗಡಿನ ದಪ್ಪವು ಮೂಲದ ದಪ್ಪಕ್ಕೆ ಸರಿಹೊಂದಬೇಕು. 20 ಗೇಜ್ ಎಂದರೆ ಸುಮಾರು 0.9 ಮಿಲಿಮೀಟರ್; 18 ಗೇಜ್ ಎಂದರೆ ಸುಮಾರು 1.2 ಮಿಲಿಮೀಟರ್. ತೆಳು ತಗಡಿನಿಂದ ಮಾಡಿದ ಸಿಲ್ ನೋಡಲು ಸರಿಯಾಗಿದ್ದರೂ ಭಾರ ತಡೆಯದು.

ಜೋಡಣೆಯ ಕ್ರಮ

ಕತ್ತರಿಸುವ ಮೊದಲು ಬಾಗಿಲಿನ ಚೌಕಟ್ಟನ್ನು ಮೂಲೆಯಿಂದ ಮೂಲೆಗೆ ಅಳೆದು ಬರೆದಿಟ್ಟುಕೊಳ್ಳಬೇಕು. ಅನಂತರ ಬಾಗಿಲ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಅಥವಾ ಕೊಳವೆಯನ್ನು ತಾತ್ಕಾಲಿಕವಾಗಿ ಬೆಸೆದು ಬಿಗಿಗೊಳಿಸಬೇಕು. ಕಾರನ್ನು ಸಮನೆಲದಲ್ಲಿ ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಒಂದು ಬದಿ ಪೂರ್ಣಗೊಂಡ ಮೇಲಷ್ಟೇ ಇನ್ನೊಂದು ಬದಿಯನ್ನು ಮುಟ್ಟಬೇಕು. ಎರಡೂ ಸಿಲ್‌ಗಳನ್ನು ಒಟ್ಟಿಗೆ ಕತ್ತರಿಸಿದರೆ ಕಾರು ನಡುವೆ ಕುಸಿಯುತ್ತದೆ. ಆಮೇಲೆ ಯಾವ ಬಾಗಿಲೂ ಕೂರುವುದಿಲ್ಲ.

ಹೊಸ ತಗಡನ್ನು ಮೊದಲು ಕ್ಲ್ಯಾಂಪ್ ಮತ್ತು ಸ್ಕ್ರೂಗಳಿಂದ ಮಾತ್ರ ಹಿಡಿಸಬೇಕು. ಬಾಗಿಲನ್ನು ತೂಗುಹಾಕಿ, ತೆರೆದು ಮುಚ್ಚಿ, ಸುತ್ತಲಿನ ಸಂದು ಒಂದೇ ಅಗಲಕ್ಕಿದೆಯೇ ಎಂದು ನೋಡಬೇಕು. ಹಿಂಜ್ ಸವೆದಿದ್ದರೆ ಅದನ್ನು ಮೊದಲು ಸರಿಪಡಿಸಬೇಕು; ಇಲ್ಲವಾದರೆ ಹಿಂಜಿನ ದೋಷಕ್ಕೆ ತಕ್ಕಂತೆ ತಗಡು ಕೂತುಬಿಡುತ್ತದೆ. ಅವಸರ ಮಾಡುವವರು ಈ ಹಂತವನ್ನೇ ಬಿಟ್ಟು, ಉಳಿದ ಓರೆಕೋರೆಯನ್ನು ಪುಟ್ಟಿಯಿಂದ ಮುಚ್ಚುತ್ತಾರೆ.

ಬೆಸುಗೆ ಮತ್ತು ರಕ್ಷಣೆ

ಬೆಸುಗೆಗೆ ಮೊದಲು ಬ್ಯಾಟರಿ ಕಳಚಬೇಕು, ಪೆಟ್ರೋಲ್ ಟ್ಯಾಂಕನ್ನು ಹೊರತೆಗೆದು ದೂರ ಇಡಬೇಕು. ಗ್ಯಾಸ್ ವೆಲ್ಡಿಂಗ್‌ನ ಶಾಖ ಅಗಲವಾಗಿ ಹರಡಿ ತೆಳು ತಗಡನ್ನು ಸೊಟ್ಟಗೊಳಿಸುತ್ತದೆ. ಮಿಗ್ ವೆಲ್ಡಿಂಗ್‌ನಲ್ಲಿ ಚುಕ್ಕೆ ಚುಕ್ಕೆಯಾಗಿ, ಒಂದು ಕಡೆ ಹಾಕಿ ದೂರದ ಇನ್ನೊಂದು ಕಡೆಗೆ ಹೋಗುತ್ತಾ, ನಡುವೆ ತಣಿಯಲು ಬಿಟ್ಟರೆ ಈ ದೋಷ ಕಡಿಮೆ. ತಗಡಿನ ಮೇಲೆ ತಗಡು ಬರುವ ಕಡೆ ಸತುವುಳ್ಳ, ಬೆಸುಗೆಗೆ ಒಗ್ಗುವ ಪ್ರೈಮರ್ ಬಳಿಯಬೇಕು. ಕೆಲಸ ಮುಗಿದ ಮೇಲೆ ಸಿಲ್‌ನ ಒಳಗೆ ಮೇಣದಂಥ ರಕ್ಷಕ ದ್ರವ ಸಿಂಪಡಿಸಿ, ನೀರು ಹೊರಹೋಗುವ ರಂಧ್ರಗಳನ್ನು ತೆರೆದೇ ಇಡಬೇಕು. ಆ ರಂಧ್ರಗಳು ಕೆಸರಿನಿಂದ ಮುಚ್ಚಿದರೆ ಹೊಸ ತಗಡೂ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ.

ಕಾನೂನಿನ ಎಲ್ಲೆ

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ಪ್ರಕಟಿಸಿತು. 50 ವರ್ಷಕ್ಕಿಂತ ಹಳೆಯದಾದ, ಮೂಲರೂಪದಲ್ಲಿ ಉಳಿದ ದ್ವಿಚಕ್ರ ಮತ್ತು ನಾಲ್ಕು ಚಕ್ರ ವಾಹನಗಳಿಗೆ ‘ವಿಎ’ ಅಕ್ಷರವುಳ್ಳ ಸಂಖ್ಯೆ ದೊರೆಯುತ್ತದೆ. ನೋಂದಣಿ 10 ವರ್ಷ ಊರ್ಜಿತ. ಆದರೆ ನಿತ್ಯಬಳಕೆಗೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಅವಕಾಶವಿಲ್ಲ. ಚಾಸಿಸ್, ಮೈಕಟ್ಟು ಅಥವಾ ಎಂಜಿನ್ನಿನಲ್ಲಿ ಮಾರ್ಪಾಡು ಸೇರಿದಂತೆ ಗಣನೀಯ ಬದಲಾವಣೆಗೆ ಒಳಗಾದ ವಾಹನ ಈ ವ್ಯಾಖ್ಯೆಗೆ ಸೇರದು.

ಹೀಗಾಗಿ ಹೊಸ ತಗಡು ಮೂಲದ ಆಕಾರವನ್ನೇ ಅನುಸರಿಸಬೇಕು. ಚಾಸಿಸ್ ಸಂಖ್ಯೆ ಇರುವ ಭಾಗವನ್ನು ಯಾವ ಕಾರಣಕ್ಕೂ ಕತ್ತರಿಸಬಾರದು. ಪ್ರತಿ ಹಂತದ ಛಾಯಾಚಿತ್ರ ಹಾಗೂ ಬಿಲ್ಲುಗಳನ್ನು ಜೋಪಾನ ಮಾಡುವುದು, ದೊಡ್ಡ ಭಾಗಕ್ಕೆ ಕೈಹಾಕುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ಗಟ್ಟಿಯಿರುವ ಹಳೆಯ ತಗಡನ್ನು ಉಳಿಸಿ, ತಿಂದುಹೋದಷ್ಟನ್ನೇ ಬದಲಿಸುವ ಟಿಂಕರ್‌ಗೆ ಹೆಚ್ಚು ದಿನ ಬೇಕಾಗುತ್ತದೆ. ಆದರೆ ಕಾರು ತನ್ನ ಗುರುತನ್ನು ಉಳಿಸಿಕೊಳ್ಳುವುದು ಅಂಥ ಕೆಲಸದಿಂದಲೇ.