ಸೊನ್ನೆಗೂ ಉಂಟು ಚಿಹ್ನೆ

ಭಾನುವಾರ ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಹಳೆಯ ಕಂಪ್ಯೂಟರ್ ಪುಸ್ತಕ ಹುಡುಕುವವರಿಗೆ ಈ ಕಥೆ. 1956ರವರೆಗೆ ಇದೇ ಹೈದರಾಬಾದ್ ರಾಜ್ಯದಲ್ಲಿದ್ದ ಮಳಖೇಡ ನಿಮಗೆ ಗೊತ್ತಲ್ಲ? ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದರು. ಇಂದಿನ ಗಣಿತ ಇದನ್ನು ಒಪ್ಪುವುದಿಲ್ಲ, ಆದರೆ ಪ್ರಶ್ನೆ ಎತ್ತಿದ್ದೇ ದೊಡ್ಡದು.

ಕಂಪ್ಯೂಟರಿಗೂ ಅದೇ ಪ್ರಶ್ನೆ ಎದುರಾಯಿತು. 1985ರ ಐಇಇಇ 754 ನಿಯಮ ಸೊನ್ನೆಗೂ ಧನ, ಋಣ ಚಿಹ್ನೆ ಕೊಟ್ಟಿತು. ಋಣ ಸಂಖ್ಯೆ ಕುಗ್ಗಿ ಕುಗ್ಗಿ ಸೊನ್ನೆಯಾದರೂ ಅದು ಬಂದ ದಿಕ್ಕು ಅಳಿಯಬಾರದಲ್ಲ! ತೊಡಕೆಂದರೆ, ಹೋಲಿಸಿದರೆ ಎರಡೂ ಸೊನ್ನೆ ಸಮವೆಂದೇ ಉತ್ತರ. 'ಸೊನ್ನೆಗಿಂತ ಕಡಿಮೆಯೇ' ಎಂದು ಕೇಳಿದರೂ ಋಣ ಸೊನ್ನೆ ಸಿಕ್ಕಿಬೀಳದು. ಈ ನಿಯಮದಂತೆ 1.0ನ್ನು ಅದರಿಂದ ಭಾಗಿಸಿ ನೋಡಿ, ಋಣ ಅನಂತ ಬಂದರೆ ಅದು ಋಣ ಸೊನ್ನೆ. ಭಾಗಿಸುವ ಗೋಜೇ ಬೇಡವೆಂದರೆ, ಸಿ ಭಾಷೆಯಲ್ಲಿ 1999ರಿಂದ 'ಸೈನ್‌ಬಿಟ್' ಇದೆ.