ಕರ್ನಾಟಕದಲ್ಲಿ ಶಾಲಾ ಶಿಕ್ಷಕರ ಅರ್ಹತೆ ಮತ್ತು ನೇಮಕಾತಿ

ಕರ್ನಾಟಕದಲ್ಲಿ ಶಾಲಾ ಶಿಕ್ಷಕರಾಗಬಯಸುವವರು ಪಡೆಯಬೇಕಾದ ವಿದ್ಯಾರ್ಹತೆ, ಬರೆಯಬೇಕಾದ ಪರೀಕ್ಷೆಗಳು ಮತ್ತು ಹಾದುಹೋಗಬೇಕಾದ ನೇಮಕಾತಿ ಕ್ರಮಗಳನ್ನು ಕೇಂದ್ರದ ಕಾಯಿದೆಗಳು, ರಾಜ್ಯದ ವೃಂದ ಮತ್ತು ನೇಮಕಾತಿ ನಿಯಮಗಳು ಹಾಗೂ ಕಾಲಕಾಲಕ್ಕೆ ಬಂದ ನ್ಯಾಯಾಲಯದ ತೀರ್ಪುಗಳು ಒಟ್ಟಾಗಿ ನಿರ್ಧರಿಸುತ್ತವೆ. ವಕೀಲರಿಗೂ ವೈದ್ಯರಿಗೂ ಆಯಾ ಪರಿಷತ್ತುಗಳು ನೀಡುವಂಥ ನೋಂದಣಿಯಾಗಲಿ ಪರವಾನಗಿಯಾಗಲಿ ಇಲ್ಲಿ ಶಿಕ್ಷಕರಿಗೆ ಇಲ್ಲ. ಅದರ ಬದಲು ತರಬೇತಿಯ ಪ್ರಮಾಣಪತ್ರ, ಶಿಕ್ಷಕರ ಅರ್ಹತಾ ಪರೀಕ್ಷೆ, ನೇಮಕಾತಿ ಎಂಬ ಮೂರು ಘಟ್ಟಗಳಿದ್ದು, ಮೂರನ್ನೂ ಬೇರೆ ಬೇರೆ ಸಂಸ್ಥೆಗಳು ಬೇರೆ ಬೇರೆ ಉದ್ದೇಶಗಳಿಂದ ನಡೆಸುತ್ತವೆ. ಮೊದಲ ಎರಡು ಘಟ್ಟಗಳನ್ನು ದಾಟಿದವರು ಅರ್ಹರೆನಿಸುತ್ತಾರೆಯೇ ಹೊರತು ಶಿಕ್ಷಕರಾಗುವುದಿಲ್ಲ. ಈ ವ್ಯತ್ಯಾಸವನ್ನು ತರಬೇತಿಗೆ ಸೇರುವ ಮೊದಲೇ ಸ್ಪಷ್ಟವಾಗಿ ತಿಳಿಸಿಕೊಡುವ ವ್ಯವಸ್ಥೆ ದುರ್ಬಲವಾಗಿರುವುದರಿಂದ, ಪ್ರಮಾಣಪತ್ರ ಕೈಯಲ್ಲಿ ಹಿಡಿದು ಅಧಿಸೂಚನೆಗಾಗಿ ವರ್ಷಗಟ್ಟಲೆ ಕಾಯುವ ಯುವಜನರು ರಾಜ್ಯದ ಪ್ರತಿಯೊಂದು ತಾಲ್ಲೂಕಿನಲ್ಲೂ ಕಾಣಸಿಗುತ್ತಾರೆ.

ಶಿಕ್ಷಕರಿಗೆ ವೃತ್ತಿ ತರಬೇತಿ ಬೇಕೆಂಬ ವಿಚಾರ ಕನ್ನಡ ನಾಡಿಗೆ ಹೊಸದಲ್ಲ. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಿಗಾಗಿ 19ನೆಯ ಶತಮಾನದಲ್ಲಿ ಧಾರವಾಡದಲ್ಲಿ ನೆಲೆಗೊಂಡ ಟ್ರೇನಿಂಗ್ ಕಾಲೇಜು, ಮರಾಠಿಯ ಪ್ರಾಬಲ್ಯ ಇನ್ನೂ ಗಟ್ಟಿಯಾಗಿದ್ದ ಕಾಲದಲ್ಲಿ, ಡೆಪ್ಯೂಟಿ ಚನ್ನಬಸಪ್ಪನವರಂಥ ಅಧಿಕಾರಿಗಳ ಶ್ರಮದಿಂದ ಕನ್ನಡ ಶಾಲೆಗಳಿಗೆ ಕನ್ನಡದಲ್ಲೇ ಪಾಠ ಹೇಳಬಲ್ಲ ಮಾಸ್ತರರನ್ನು ಒದಗಿಸಿತು. ಆದರೂ ಬಹುಕಾಲ ಉತ್ತರದ ಜಿಲ್ಲೆಗಳಲ್ಲಿ ಮುಲ್ಕಿ ಪರೀಕ್ಷೆ, ಹಳೆಯ ಮೈಸೂರಿನಲ್ಲಿ ಲೋಯರ್ ಸೆಕೆಂಡರಿ ಪರೀಕ್ಷೆ ಮುಗಿಸಿದವರು ನೇರವಾಗಿ ಹಳ್ಳಿಯ ಶಾಲೆಗೆ ನೇಮಕವಾಗಿ, ತರಬೇತಿಯನ್ನು ಆಮೇಲೆ ಪಡೆಯುವುದೂ ಇತ್ತು. ರಾಜ್ಯದ ಏಕೀಕರಣದ ನಂತರ ಪ್ರಾಥಮಿಕ ಶಾಲೆಗಳಿಗೆ ಟಿ.ಸಿ.ಎಚ್. ಎಂಬ ಪ್ರಮಾಣಪತ್ರವೇ ಹೆಬ್ಬಾಗಿಲಾಯಿತು. ಅದು ಮುಂದೆ ಡಿ.ಎಡ್. ಎಂದೂ ಈಗ ಡಿ.ಎಲ್.ಎಡ್. ಎಂದೂ ಹೆಸರು ಬದಲಿಸಿಕೊಂಡಿದೆ.

ಇಂದಿನ ವ್ಯವಸ್ಥೆಯ ತಳಹದಿ 2009ರ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಕಾಯಿದೆಯ 23ನೆಯ ಪ್ರಕರಣದಲ್ಲಿದೆ. ಕೇಂದ್ರ ಸರ್ಕಾರ ಗೊತ್ತುಪಡಿಸಿದ ಶೈಕ್ಷಣಿಕ ಪ್ರಾಧಿಕಾರವು ವಿಧಿಸುವ ಕನಿಷ್ಠ ಅರ್ಹತೆ ಇಲ್ಲದವರನ್ನು ಶಿಕ್ಷಕರನ್ನಾಗಿ ನೇಮಿಸುವಂತಿಲ್ಲ ಎಂಬುದು ಅದರ ಸಾರ. 1993ರ ಕಾಯಿದೆಯಿಂದ ಶಾಸನಬದ್ಧವಾದ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್.ಸಿ.ಟಿ.ಇ., ಆ ಪ್ರಾಧಿಕಾರವೆಂದು ಗೊತ್ತಾಗಿ, 2010ರ ಆಗಸ್ಟ್ 23ರ ಅಧಿಸೂಚನೆಯಲ್ಲಿ ಒಂದರಿಂದ ಎಂಟನೆಯ ತರಗತಿಯವರೆಗಿನ ಶಿಕ್ಷಕರ ಅರ್ಹತೆಗಳನ್ನು ನಿಗದಿಪಡಿಸಿತು. ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕೆಂಬ ಷರತ್ತು ಬಂದದ್ದು ಆಗಲೇ.

ಒಂದರಿಂದ ಐದನೆಯ ತರಗತಿಗಳಿಗೆ ಪಾಠ ಮಾಡಬಯಸುವವರು ಪಿ.ಯು.ಸಿ.ಯಲ್ಲಿ ಕನಿಷ್ಠ ಶೇ. 50 ಅಂಕ ಪಡೆದು, ಎರಡು ವರ್ಷಗಳ ಡಿ.ಎಲ್.ಎಡ್. ಮುಗಿಸಬೇಕು. ಪರಿಶಿಷ್ಟ ಜಾತಿ, ಪಂಗಡ ಮೊದಲಾದ ವರ್ಗಗಳಿಗೆ ಅಂಕಗಳಲ್ಲಿ ರಿಯಾಯಿತಿಯುಂಟು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಸ್ಥಾಪನೆಯಾದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಲ್ಲಿ, ಅಂದರೆ ಬಳಕೆಯ ಮಾತಿನ ಡಯಟ್‌ಗಳಲ್ಲಿ, ಹಾಗೂ ಅನುದಾನಿತ ಮತ್ತು ಖಾಸಗಿ ಸಂಸ್ಥೆಗಳಲ್ಲಿ ಈ ತರಬೇತಿ ನಡೆಯುತ್ತದೆ. ಒಂದು ಕಾಲಕ್ಕೆ ಸೀಟು ಸಿಗುವುದೇ ಕಷ್ಟವಾಗಿದ್ದ ಈ ಶಿಕ್ಷಣಕ್ಕೆ, ನೇಮಕಾತಿ ವಿರಳವಾದಂತೆ ವಿದ್ಯಾರ್ಥಿಗಳೇ ಬರದೆ ಅನೇಕ ಖಾಸಗಿ ಸಂಸ್ಥೆಗಳು ಬಾಗಿಲು ಮುಚ್ಚಿವೆ. ಚಿಕ್ಕ ಮಕ್ಕಳಿಗೆ ಅಕ್ಷರ ಮತ್ತು ಅಂಕಿ ಕಲಿಸುವುದು ಶಾಲಾ ವ್ಯವಸ್ಥೆಯ ಅತ್ಯಂತ ಕಠಿಣ ಕೆಲಸವೆಂಬುದನ್ನು ನೆನೆದರೆ ಇದು ರಾಜ್ಯಕ್ಕೆ ಆಗಿರುವ ನಿಜವಾದ ನಷ್ಟ.

ಆರರಿಂದ ಎಂಟನೆಯ ತರಗತಿಗಳಿಗೆ ಪದವಿಯ ಜೊತೆಗೆ ಡಿ.ಎಲ್.ಎಡ್., ಇಲ್ಲವೇ ಶೇ. 50 ಅಂಕಗಳ ಪದವಿಯ ಜೊತೆಗೆ ಬಿ.ಎಡ್. ಬೇಕು. ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೆ ಪದವಿ ಮತ್ತು ಬಿ.ಎಡ್. ಎರಡೂ ಬೇಕು. ಒಂದು ವರ್ಷದ್ದಾಗಿದ್ದ ಬಿ.ಎಡ್. ಎನ್.ಸಿ.ಟಿ.ಇ.ಯ 2014ರ ನಿಯಮಾವಳಿಯಿಂದ ಎರಡು ವರ್ಷಗಳದಾಯಿತು. ಅದರಲ್ಲಿ 20 ವಾರಗಳನ್ನು ವಿದ್ಯಾರ್ಥಿಯು ಶಾಲೆಯಲ್ಲೇ ಕಳೆಯಬೇಕು. ಮೊದಲ ವರ್ಷದ ನಾಲ್ಕು ವಾರಗಳಲ್ಲಿ ಶಾಲೆಯ ದಿನಚರಿಯ ಪರಿಚಯವಾದರೆ, ಎರಡನೆಯ ವರ್ಷದ 16 ವಾರಗಳಲ್ಲಿ ಪ್ರಶಿಕ್ಷಣಾರ್ಥಿಯು ಪಾಠಯೋಜನೆ ಬರೆದು, ಮಾರ್ಗದರ್ಶಕರಿಂದ ತಿದ್ದಿಸಿಕೊಂಡು, ಅವರು ತರಗತಿಯ ಹಿಂಬದಿ ಕುಳಿತು ಟಿಪ್ಪಣಿ ಮಾಡಿಕೊಳ್ಳುತ್ತಿರುವಾಗಲೇ ಪಾಠ ಮಾಡುತ್ತಾನೆ. ಇಡೀ ತರಬೇತಿಯಲ್ಲಿ ಶಿಕ್ಷಕನನ್ನು ನಿಜವಾಗಿ ರೂಪಿಸುವ ಭಾಗ ಇದೇ ಆಗಿದ್ದು, ಇದನ್ನು ಹೆಸರಿಗಷ್ಟೇ ಮುಗಿಸುವ ಕಾಲೇಜನ್ನು ಆರಿಸಿಕೊಂಡವರಿಗೆ ಪದವಿ ಪತ್ರ ಸಿಕ್ಕರೂ ವೃತ್ತಿ ಕೈಗೆ ಹತ್ತುವುದಿಲ್ಲ. ಪದವಿಯ ಮಟ್ಟದಲ್ಲೇ ಶಿಕ್ಷಣಶಾಸ್ತ್ರವನ್ನು ಬೆಸೆಯುವ ನಾಲ್ಕು ವರ್ಷಗಳ ಸಂಯೋಜಿತ ಪದವಿಗಳನ್ನು, 1963ರಲ್ಲಿ ಆರಂಭವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ದೀರ್ಘಕಾಲದಿಂದ ನಡೆಸಿಕೊಂಡು ಬಂದಿದೆ.

ಪದವಿಯಲ್ಲಿ ಓದಿದ ವಿಷಯಗಳ ಜೋಡಣೆ ಬಹಳ ಮುಖ್ಯ. ಪ್ರೌಢಶಾಲೆಯ ಹುದ್ದೆಗಳನ್ನು ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಪಿ.ಸಿ.ಎಂ., ರಸಾಯನವಿಜ್ಞಾನ, ಸಸ್ಯವಿಜ್ಞಾನ, ಪ್ರಾಣಿವಿಜ್ಞಾನದ ಸಿ.ಬಿ.ಝಡ್., ಕಲಾ ವಿಷಯಗಳು ಹಾಗೂ ಭಾಷೆಗಳೆಂದು ವಿಂಗಡಿಸಲಾಗುತ್ತದೆ. ಗಣಕವಿಜ್ಞಾನವನ್ನೋ ಸಂಖ್ಯಾಶಾಸ್ತ್ರವನ್ನೋ ಮೂರನೆಯ ವಿಷಯವಾಗಿ ಓದಿದವರು ಯಾವ ವರ್ಗಕ್ಕೆ ಸೇರುತ್ತಾರೆ ಎಂಬ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಹದಿನೆಂಟನೆಯ ವಯಸ್ಸಿನಲ್ಲಿ ಯಾರೋ ಹೇಳಿದರೆಂದು ಆರಿಸಿಕೊಂಡ ಜೋಡಣೆ ಮುಂದೆ ಅರ್ಜಿಯನ್ನೇ ತಡೆಯಬಲ್ಲದಾದ್ದರಿಂದ, ಪದವಿಗೆ ಸೇರುವ ಮೊದಲೇ ವೃಂದ ನಿಯಮಗಳನ್ನು ಓದಿಕೊಳ್ಳುವುದು ಕ್ಷೇಮ.

ತರಬೇತಿಯ ನಂತರದ ಘಟ್ಟ ಕರ್ನಾಟಕ ಶಿಕ್ಷಕರ ಅರ್ಹತಾ ಪರೀಕ್ಷೆ. ಅಭ್ಯರ್ಥಿಗಳು ಇದನ್ನು ಟಿ.ಇ.ಟಿ. ಎಂದೇ ಕರೆಯುತ್ತಾರೆ. 2014ರಿಂದ ನಡೆಯುತ್ತಿರುವ ಈ ಪರೀಕ್ಷೆಯ ಹೊಣೆ ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕದ್ದು. ಒಂದರಿಂದ ಐದನೆಯ ತರಗತಿಗಳಿಗೆ ಮೊದಲ ಪತ್ರಿಕೆ, ಆರರಿಂದ ಎಂಟಕ್ಕೆ ಎರಡನೆಯ ಪತ್ರಿಕೆ. ಎರಡಕ್ಕೂ ಅರ್ಹತೆಯಿರುವವರು ಎರಡನ್ನೂ ಬರೆಯಬಹುದು. ಪ್ರತಿ ಪತ್ರಿಕೆಯಲ್ಲಿ 150 ಅಂಕಗಳ 150 ಬಹು ಆಯ್ಕೆಯ ಪ್ರಶ್ನೆಗಳಿದ್ದು, ಎರಡೂವರೆ ಗಂಟೆಯಲ್ಲಿ ಓ.ಎಂ.ಆರ್. ಹಾಳೆಯ ಮೇಲೆ ಉತ್ತರಗಳನ್ನು ಗುರುತಿಸಬೇಕು. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಮೊದಲ ಪತ್ರಿಕೆಯಲ್ಲಿ ಶಿಶುವಿಕಸನ ಮತ್ತು ಬೋಧನಶಾಸ್ತ್ರ, ಎರಡು ಭಾಷೆಗಳು, ಗಣಿತ, ಪರಿಸರ ಅಧ್ಯಯನ ಎಂಬ ಐದು ಭಾಗಗಳಿಗೆ ತಲಾ 30 ಅಂಕಗಳಿವೆ. ಎರಡನೆಯದರಲ್ಲಿ ಕೊನೆಯ ಎರಡು ಭಾಗಗಳ ಬದಲು ಗಣಿತ ಮತ್ತು ವಿಜ್ಞಾನಕ್ಕೆ ಅಥವಾ ಸಮಾಜವಿಜ್ಞಾನಕ್ಕೆ 60 ಅಂಕಗಳಿವೆ. ಮೊದಲ ಭಾಷೆಯ ಭಾಗವು ಬೋಧನ ಮಾಧ್ಯಮದ ಮೇಲಿನ ಹಿಡಿತವನ್ನು ಅಳೆಯುವಂಥದು. ಗಡಿ ಜಿಲ್ಲೆಗಳ ಮರಾಠಿ, ತೆಲುಗು ಮಾಧ್ಯಮದ ಶಾಲೆಗಳೂ ಉರ್ದು ಶಾಲೆಗಳೂ ಇರುವ ಈ ರಾಜ್ಯದಲ್ಲಿ ಈ ಏರ್ಪಾಡಿಗೆ ವಿಶೇಷ ಮಹತ್ವವಿದೆ. ಶಿಶುವಿಕಸನದ ಭಾಗದಲ್ಲಿ ಪಿಯಾಜೆ, ವೈಗೋಟ್‌ಸ್ಕಿ ಮೊದಲಾದವರ ಸಿದ್ಧಾಂತಗಳನ್ನು ಹೆಸರಿನ ಮಟ್ಟದಲ್ಲಿ ಬಾಯಿಪಾಠ ಮಾಡಿಕೊಂಡವರಿಗಿಂತ, ಗುಣಾಕಾರ ತಪ್ಪಿದ ಮಗು ಎಲ್ಲಿ ಎಡವಿತು ಎಂದು ಕೇಳುವಂಥ ಸನ್ನಿವೇಶದ ಪ್ರಶ್ನೆಗಳನ್ನು ತರಗತಿಯ ಅನುಭವದಿಂದ ಬಿಡಿಸುವವರಿಗೆ ಹೆಚ್ಚು ಅನುಕೂಲ.

ಸಾಮಾನ್ಯ ವರ್ಗದವರು ತೇರ್ಗಡೆಗೆ ಶೇ. 60 ಅಂಕ ಪಡೆಯಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ-1 ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ. 55 ಸಾಕು. ಮೊದಲು ಏಳು ವರ್ಷಗಳಿಗೆ ಸೀಮಿತವಾಗಿದ್ದ ಪ್ರಮಾಣಪತ್ರದ ಮಾನ್ಯತೆಯನ್ನು 2021ರಲ್ಲಿ, 2011ರಿಂದ ಪೂರ್ವಾನ್ವಯವಾಗುವಂತೆ, ಜೀವಿತಾವಧಿಗೆ ವಿಸ್ತರಿಸಲಾಯಿತು. ಆದರೂ ತೇರ್ಗಡೆಯಾದ ಅನೇಕರು ಪರೀಕ್ಷೆಯನ್ನು ಮತ್ತೆ ಬರೆಯುತ್ತಾರೆ. ಆಯ್ಕೆಪಟ್ಟಿ ಸಿದ್ಧಪಡಿಸುವಾಗ ಈ ಅಂಕಗಳಿಗೂ ಒಂದು ಪಾಲು ಇರುವುದೇ ಅದಕ್ಕೆ ಕಾರಣ.

ನೇಮಕಾತಿಯೇ ಈ ದಾರಿಯ ಅತ್ಯಂತ ಇಕ್ಕಟ್ಟಾದ ಭಾಗ. ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಾತ್ರಕ್ಕೆ ಹುದ್ದೆಯ ಮೇಲೆ ಹಕ್ಕು ಹುಟ್ಟುವುದಿಲ್ಲವೆಂದು ಎನ್.ಸಿ.ಟಿ.ಇ. ಮಾರ್ಗಸೂಚಿಯೇ ಹೇಳುತ್ತದೆ. ಸರ್ಕಾರ ಖಾಲಿ ಹುದ್ದೆಗಳಿಗೆ ಅಧಿಸೂಚನೆ ಹೊರಡಿಸಿದಾಗ ಪ್ರತ್ಯೇಕ ಸ್ಪರ್ಧಾತ್ಮಕ ಪರೀಕ್ಷೆ ಬರೆಯಬೇಕು. ಅದರ ಅಂಕಗಳೊಂದಿಗೆ ಟಿ.ಇ.ಟಿ., ಪದವಿ ಮತ್ತು ಬಿ.ಎಡ್. ಅಂಕಗಳನ್ನು ನಿಗದಿತ ಪ್ರಮಾಣದಲ್ಲಿ ಕೂಡಿಸಿ ಪದವೀಧರ ಪ್ರಾಥಮಿಕ ಶಿಕ್ಷಕರ ಅರ್ಹತಾಪಟ್ಟಿ ತಯಾರಾಗುತ್ತದೆ. ಆರರಿಂದ ಎಂಟನೆಯ ತರಗತಿಗಳಿಗಾಗಿ 2017ರಲ್ಲಿ ಈ ವೃಂದ ಏರ್ಪಟ್ಟಾಗ, ಅದುವರೆಗೆ ಏಳನೆಯ ತರಗತಿಯವರೆಗೂ ಪಾಠ ಮಾಡುತ್ತಿದ್ದ ಶಿಕ್ಷಕರನ್ನು ಒಂದರಿಂದ ಐದಕ್ಕೆ ಸೀಮಿತಗೊಳಿಸಲಾಯಿತು. ಸೇವೆಯಲ್ಲಿದ್ದುಕೊಂಡೇ ಪದವಿ, ಬಿ.ಎಡ್. ಪಡೆದಿದ್ದ ಸಾವಿರಾರು ಜನರಿಗೆ ಇದರಿಂದ ಆದ ನೋವು ಇನ್ನೂ ಆರಿಲ್ಲ, ಅವರ ಬೇಡಿಕೆಯೂ ನ್ಯಾಯವಾದದ್ದೇ.

ಪ್ರಾಥಮಿಕ ಶಿಕ್ಷಕರ ವೃಂದ ಜಿಲ್ಲಾ ಮಟ್ಟದ್ದು, ಪ್ರೌಢಶಾಲಾ ಸಹ ಶಿಕ್ಷಕರದು ವಿಭಾಗ ಮಟ್ಟದ್ದು. ಆದ್ದರಿಂದ ಅಭ್ಯರ್ಥಿಯ ಸ್ಪರ್ಧೆ ಇಡೀ ರಾಜ್ಯದೊಂದಿಗಲ್ಲ, ತಾನು ಆರಿಸಿಕೊಂಡ ಜಿಲ್ಲೆ ಅಥವಾ ವಿಭಾಗದ ಹುದ್ದೆಗಳಿಗಾಗಿ ಇರುತ್ತದೆ. ಒಂದು ಜಿಲ್ಲೆಯಲ್ಲಿ ಹುದ್ದೆ ಪಡೆಯುವಷ್ಟು ಅಂಕ ನೆರೆಯ ಜಿಲ್ಲೆಯಲ್ಲಿ ಸಾಲದೇ ಹೋಗುವುದುಂಟು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳನ್ನೊಳಗೊಂಡ ಕಲ್ಯಾಣ ಕರ್ನಾಟಕದಲ್ಲಿ ಸಂವಿಧಾನದ 371ಜೆ ವಿಧಿಯ ಪ್ರಕಾರ ಗ್ರೂಪ್-ಸಿ ಸ್ಥಳೀಯ ವೃಂದದ ಶೇ. 80 ಹುದ್ದೆಗಳು ಸ್ಥಳೀಯರಿಗೆ ಮೀಸಲು. ಸ್ಥಳೀಯರೆಂಬ ಅರ್ಹತಾ ಪತ್ರವನ್ನು ಉಪವಿಭಾಗಾಧಿಕಾರಿ ನೀಡುತ್ತಾರೆ. ಜಾತಿವಾರು ಮೀಸಲಾತಿಯ ಒಳಗೆ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಎಂಬಂಥ ಸಮತಲ ಮೀಸಲಾತಿಗಳೂ ಇವೆ. ಇವೆರಡಕ್ಕೂ ಒಂದರಿಂದ ಹತ್ತನೆಯ ತರಗತಿಯವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು. ಮುಖ್ಯೋಪಾಧ್ಯಾಯರ ಸಹಿ, ಅದರ ಕೆಳಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ, ಎರಡರ ಮೊಹರು ಮತ್ತು ದಿನಾಂಕ ಸರಿಯಾಗಿರಬೇಕು. ಓದಿದ ಶಾಲೆ ಬದಲಾಗಿದ್ದರೆ ಪ್ರತಿ ಶಾಲೆಯಿಂದಲೂ ಪತ್ರ ತರಬೇಕು. ದಾಖಲೆ ಪರಿಶೀಲನೆಯ ದಿನ ಹುದ್ದೆ ಕೈತಪ್ಪುವುದು ಸಾಮಾನ್ಯವಾಗಿ ಇಂಥ ಕಾಗದಗಳಿಂದಲೇ.

ಹದಿನೈದು ಸಾವಿರ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ 2022ರ ಮೇ ತಿಂಗಳಲ್ಲಿ ಪರೀಕ್ಷೆ ನಡೆದಾಗ ಇಂಥದೇ ಒಂದು ಕಾಗದದ ಪ್ರಶ್ನೆ ದೊಡ್ಡ ವ್ಯಾಜ್ಯವಾಯಿತು. ವಿವಾಹಿತ ಮಹಿಳೆ ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ತಂದೆಯ ಆಧಾರದ ಮೇಲೆ ಸಲ್ಲಿಸಬೇಕೋ ಗಂಡನ ಆಧಾರದ ಮೇಲೆ ಸಲ್ಲಿಸಬೇಕೋ ಎಂಬ ವಿವಾದ ಹೈಕೋರ್ಟಿಗೆ ಹೋಗಿ, ನೇಮಕಾತಿ ಆದೇಶಗಳು ಬಹಳ ತಡವಾದವು. ನಿಯಮಗಳ ಅಸ್ಪಷ್ಟತೆಯ ಬೆಲೆಯನ್ನು ಅಭ್ಯರ್ಥಿಗಳೂ ಶಿಕ್ಷಕರಿಲ್ಲದ ತರಗತಿಗಳ ಮಕ್ಕಳೂ ತೆತ್ತರು. ಆಯ್ಕೆಯಾದವರು ಅರ್ಹತಾಕ್ರಮದಲ್ಲಿ ಕೌನ್ಸೆಲಿಂಗ್‌ಗೆ ಹಾಜರಾಗಿ, ಖಾಲಿ ಶಾಲೆಗಳ ಪಟ್ಟಿಯಿಂದ ತಮ್ಮ ಶಾಲೆಯನ್ನು ಆರಿಸಿಕೊಳ್ಳುತ್ತಾರೆ. ಅನಂತರದ ವರ್ಗಾವಣೆಗಳನ್ನು 2020ರ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯಿದೆ ನಿರ್ದೇಶಿಸುತ್ತದೆ.

ಖಾಸಗಿ ಶಾಲೆಗಳಿಗೂ ಕನಿಷ್ಠ ಅರ್ಹತೆಗಳು ಅನ್ವಯಿಸುತ್ತವೆಯಾದರೂ ಆಯ್ಕೆ ಆಡಳಿತ ಮಂಡಳಿಯದು. ಸಂಬಳವನ್ನು ಸರ್ಕಾರ ಭರಿಸುವ ಅನುದಾನಿತ ಶಾಲೆಗಳಲ್ಲಿ ಇಲಾಖೆಯ ಅನುಮೋದನೆಯೂ ಬೇಕು. ಪದವಿಪೂರ್ವ ಕಾಲೇಜಿನ ಉಪನ್ಯಾಸಕರಿಗೆ ಸಂಬಂಧಪಟ್ಟ ವಿಷಯದ ಸ್ನಾತಕೋತ್ತರ ಪದವಿ ಮತ್ತು ಬಿ.ಎಡ್. ಅಗತ್ಯ. ಕೇಂದ್ರೀಯ ವಿದ್ಯಾಲಯ ಮತ್ತು ನವೋದಯ ವಿದ್ಯಾಲಯಗಳ ನೇಮಕಾತಿ ಪ್ರತ್ಯೇಕವಾಗಿದ್ದು, ಅವುಗಳಿಗೆ ಸಿ.ಬಿ.ಎಸ್.ಇ. ನಡೆಸುವ ಕೇಂದ್ರೀಯ ಅರ್ಹತಾ ಪರೀಕ್ಷೆ ಬರೆಯಬೇಕು. ಸರ್ಕಾರಿ ಶಾಲೆಗಳ ಖಾಲಿ ಹುದ್ದೆಗಳನ್ನು ಸದ್ಯಕ್ಕೆ ತುಂಬುತ್ತಿರುವವರು ಗೌರವಧನದ ಮೇಲೆ ಶೈಕ್ಷಣಿಕ ವರ್ಷದ ಮಟ್ಟಿಗೆ ನೇಮಕವಾಗುವ ಅತಿಥಿ ಶಿಕ್ಷಕರು.

ಇತ್ತೀಚಿನ ಎರಡು ತೀರ್ಪುಗಳು ಈ ದಾರಿಯನ್ನು ಬದಲಿಸಿವೆ. ಬಿ.ಎಡ್. ಪದವೀಧರರೂ ಒಂದರಿಂದ ಐದನೆಯ ತರಗತಿಗಳಿಗೆ ಅರ್ಹರೆಂದು ಸಾರಿದ್ದ 2018ರ ಎನ್.ಸಿ.ಟಿ.ಇ. ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು ತಳ್ಳಿಹಾಕಿತು. ಚಿಕ್ಕ ಮಕ್ಕಳ ಬೋಧನೆಗೆ ಅದಕ್ಕೆಂದೇ ರೂಪಿಸಿದ ತರಬೇತಿ ಬೇಕೆಂಬುದು ಅದರ ನಿಲುವಾಗಿದ್ದು, ಡಿ.ಎಲ್.ಎಡ್.ಗೆ ಕಳೆದುಹೋಗಿದ್ದ ಮಹತ್ವ ಇದರಿಂದ ಮರಳಿತು. 2025ರ ಸೆಪ್ಟೆಂಬರ್ 1ರಂದು ಬಂದ ಇನ್ನೊಂದು ತೀರ್ಪಿನ ಪ್ರಕಾರ, ಶಿಕ್ಷಣ ಹಕ್ಕು ಕಾಯಿದೆಗೂ ಮೊದಲೇ ನೇಮಕಗೊಂಡು ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಕಾಲ ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಐದು ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರು ನಿವೃತ್ತಿಯವರೆಗೆ ಮುಂದುವರಿಯಬಹುದಾದರೂ ಪರೀಕ್ಷೆ ಪಾಸಾಗದೆ ಬಡ್ತಿಗೆ ಅರ್ಹರಾಗುವುದಿಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಷರತ್ತು ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಯನ್ನು ಅದೇ ತೀರ್ಪು ವಿಸ್ತೃತ ಪೀಠಕ್ಕೆ ಒಪ್ಪಿಸುವ ಕ್ರಮ ಕೈಗೊಂಡಿತು.