ಬಾರಾಪೊಳೆ, ಹ್ಯೂರನ್ ಮತ್ತು ಎರಡು ಬಾಟಲಿ ನೀರು

ಮಾಕುಟ್ಟ ಗೊತ್ತಲ್ಲ? ವಿರಾಜಪೇಟೆಯಿಂದ ಇರಿಟ್ಟಿಗೆ ಇಳಿಯುವ ಘಾಟಿಯಲ್ಲಿ ಗಡಿಯ ಈಚೆಗಿನ ಕೊನೆಯ ಊರು. ರ‍್ಯಾಫ್ಟಿಂಗಿನಿಂದ ಹೆಸರಾದ ಬಾರಾಪೊಳೆ ಈ ಕಡೆಯೇ ಕೇರಳಕ್ಕೆ ಇಳಿಯುತ್ತದೆ. ಆ ಹೊಳೆ ಅಂದಾಗಲೆಲ್ಲ ನನಗೆ ಅಮೆರಿಕದ ಹ್ಯೂರನ್ ನದಿ ನೆನಪಾಗುತ್ತದೆ.

1984, ಮಿಶಿಗನ್‌ನ ಆನ್ ಆರ್ಬರ್. ಹಾಯಿ ಕಟ್ಟಿದ ಹಲಗೆಯ ಮೇಲೆ ನದಿಯಲ್ಲಿ ಆಡಿದ ಹೈಸ್ಕೂಲು ಮಕ್ಕಳಿಗೆ ಹೆಪಟೈಟಿಸ್-ಎ ಬಂತು. ಜೀವಶಾಸ್ತ್ರದ ತರಗತಿ ಸುಮ್ಮನಿರಲಿಲ್ಲ. ವಿಶ್ವವಿದ್ಯಾಲಯದ ವಿಲಿಯಂ ಸ್ಟ್ಯಾಪ್ ಮೇಷ್ಟ್ರ ಜೊತೆ ನೀರು ಪರೀಕ್ಷಿಸಿತು. ಸಿಕ್ಕಿದ್ದು ಮಲದ ಬ್ಯಾಕ್ಟೀರಿಯಾ! ಬೆನ್ನು ಹತ್ತಿದರೆ, ಮಳೆನೀರಿನ ಚರಂಡಿಯಲ್ಲೇ ಕೊಳಚೆ ಬರುತ್ತಿತ್ತು. ಇದೇ ಬೆಳೆದು 1989ರಲ್ಲಿ ‘ಗ್ರೀನ್’ ಎಂಬ ಜಾಗತಿಕ ನದಿ ಶಿಕ್ಷಣ ಜಾಲವಾಯಿತು.

ನಮ್ಮಲ್ಲೂ ಭಾರತೀಯ ವಿಜ್ಞಾನ ಸಂಸ್ಥೆಯ ಕೆರೆ ಸಮ್ಮೇಳನಗಳಲ್ಲಿ (2016ರದ್ದು ಮೂಡುಬಿದಿರೆಯಲ್ಲಿ) ಶಾಲೆ ಮಕ್ಕಳು ಪ್ರಬಂಧ ಓದಿದ್ದಾರೆ.

ಕೊಡಗಿನಲ್ಲಿ ಅಳೆಯಬೇಕಾದ್ದು ಕಾಫಿ ಪಲ್ಪಿಂಗ್ ನೀರು. ಹಣ್ಣಿನ ಸಿಹಿ ಲೋಳೆ ಹೊಳೆಗೆ ಸೇರಿದರೆ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ, ಮೀನು ಸಾಯುತ್ತವೆ. ಕೊಯ್ಲು ಬರುವುದೂ ಹೊಳೆ ಇಳಿಯುವ ಕಾಲಕ್ಕೇ ನೋಡಿ... ಪಲ್ಪರ್‌ಗಿಂತ ಮೇಲೊಂದು, ಕೆಳಗೊಂದು ಬಾಟಲಿ ತುಂಬಿ ಪರೀಕ್ಷಿಸಿದರೆ ಹತ್ತನೇ ಕ್ಲಾಸಿನ ಹುಡುಗಿಗೂ ಉತ್ತರ ಸಿಗುತ್ತದೆ. ತೋಟ ಅಪ್ಪನದೇ ಆಗಿದ್ದರೆ ಆ ಉತ್ತರವನ್ನು ಮನೆಯಲ್ಲಿ ಹೇಳುವುದು ಹೇಗೆ, ಅದೇ ಕಷ್ಟ.